ಇಳಿಯದ ಸ್ಟೇಷನ್

ಮೊನ್ನೆ ಶನಿವಾರ ಶಿಡ್ಲಘಟ್ಟದಲ್ಲಿ ಸಾದಲಿಯ ಬಸ್ಸು ಹತ್ತಿದೆ. ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ದರು. ಪಕ್ಕದ ಹೆಂಗಸು ಕಿತ್ತಳೆ ಸುಲಿಯುತ್ತಿದ್ದರು. ಈ ಎರಡು ವಾಸನೆ ಸೇರಿದರೆ ನಿಮಗೆ ಏನು ನೆನಪಾಗುತ್ತದೋ ಕಾಣೆ. ನನಗೆ ಐದು ವರ್ಷದ ಹಿಂದಿನ ಒಂದು ಸ್ಲೀಪರ್ ಬೋಗಿ, ಅದರಲ್ಲಿ ಮಲಗಿದ್ದ ಅತ್ತಿಗೆ ನೆನಪಾಗುತ್ತಾರೆ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ; ನಾನು ಅವನ ತಂಗಿ. ಮದುವೆಯಾಗಿ ಸಾದಲಿಗೆ ಬಂದಂದಿನಿಂದ ರೇಷ್ಮೆ ಹುಳು ಸಾಕಿದವರು. ಹುಳು ದೊಡ್ಡದಾದ ಮೇಲೆ ರಾತ್ರಿಯೂ ಎದ್ದು ಸೊಪ್ಪು ಹಾಕಬೇಕು. ಆಮೇಲೆ ಅಣ್ಣ ಪಾರ್ಶ್ವವಾಯು ಬಡಿದು ನಾಲ್ಕು ವರ್ಷ ಹಾಸಿಗೆ ಹಿಡಿದ. ಬೆನ್ನು ಹುಣ್ಣಾಗದಿರಲಿ ಎಂದು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು. ಅದನ್ನೂ ಅವರೇ ಮಾಡಿದರು. ಚಿಕ್ಕಬಳ್ಳಾಪುರದ ಕಾಲೇಜು ಆಫೀಸಿನಲ್ಲಿದ್ದ ನಾನು ಭಾನುವಾರ ಮೋಸಂಬಿ ಹಿಡಿದು ಹೋಗಿ, ಅತ್ತಿಗೆ ಕೊಟ್ಟ ತರಕಾರಿ ಹೊತ್ತು ಸಂಜೆಗೇ ವಾಪಸಾಗುತ್ತಿದ್ದೆ.

ಅಣ್ಣ ಹೋದ ಮೇಲೂ ಅತ್ತಿಗೆಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಕೂರುವರು. ತಿರುಗಿಸಲು ಯಾರೂ ಇರುತ್ತಿರಲಿಲ್ಲ.

ಅದೇ ವರ್ಷ ನಾನು ರಿಟೈರಾದೆ. ಹಿಮಾಲಯ ಹತ್ತುವುದು ನನ್ನ ಬಹುಕಾಲದ ಆಸೆ. ಶೂ ಕೊಂಡೆ. ಆರು ತಿಂಗಳು ವಾರಕ್ಕೊಮ್ಮೆ ನಂದಿ ಬೆಟ್ಟದ ಮೆಟ್ಟಿಲು ಹತ್ತಿದೆ. ಹತ್ತಿದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿದೆ. ಅತ್ತಿಗೆಯನ್ನೂ ಕರೆದೆ. ನಾನು ಬೆಟ್ಟ ಹತ್ತಿ ಇಳಿಯುವವರೆಗೆ ಅವರು ಬುಡದ ಊರಿನ ಲಾಡ್ಜಿನಲ್ಲಿರುವುದು.

“ಅಲ್ಲಿ ನಾನೇನ್ ಮಾಡ್ಲಿ?”

“ಬೆಟ್ಟ ನೋಡ್ತಾ ಇರಿ ಅತ್ತಿಗೆ.”

“ನಿದ್ದೆ ಬರ್ದೆ ಇರೋದಕ್ಕೆ ಅಷ್ಟು ದೂರ ಹೋಗ್ಬೇಕಾ?” ಎಂದರು. ಆದರೂ ಆ ಬೆಳೆಯ ರೇಷ್ಮೆಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಬಂದರು.

ದೆಹಲಿಯಿಂದ ರಾತ್ರಿ ಹೊರಡುವ ಗಾಡಿ. ಬೆಟ್ಟದ ಊರು ಬೆಳಗಿನ ಐದಕ್ಕೆ, ನಿಲ್ಲುವುದು ಎರಡೇ ನಿಮಿಷ. ಊರಿನ ಹೆಸರು ನಾನು ಸರಿಯಾಗಿ ಹೇಳಿದರೂ ನಮ್ಮ ಕಡೆ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ, ಬಿಡಿ. ಆರಕ್ಕೆ ಟ್ರೆಕ್ಕಿಂಗ್ ಗುಂಪಿನ ಜೀಪು ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ ಎಂದು ಮೊದಲೇ ತಿಳಿಸಿದ್ದರು.

ಹೊಸ ರೆಕ್ಸಿನ್ನಿನ ಬರ್ತಿನ ಮೇಲೆ ಕೂತು ಇಬ್ಬರೂ ಕಿತ್ತಳೆ ಸುಲಿದು ತಿಂದೆವು. ಅತ್ತಿಗೆ ಚಪ್ಪಲಿಯನ್ನು ಕವರಿನಲ್ಲಿ ಸುತ್ತಿ ತಲೆದೆಸೆಗೆ ಇಟ್ಟುಕೊಂಡರು. “ಐದಕ್ಕೆ ನಾನೇ ಎಬ್ಬಿಸ್ತೀನಿ, ನೀನು ಮಲ್ಕೋ.”

ನಾಲ್ಕೂವರೆಗೆ ನನಗೆ ಎಚ್ಚರವಾದಾಗ ಎದುರಿನ ಬರ್ತಿನಲ್ಲಿ ಅವರು ಗೊರಕೆ ಹೊಡೆಯುತ್ತಿದ್ದರು. ಸಣ್ಣ ಗೊರಕೆ. ನಾನು ಶೂ ಕಟ್ಟಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗಾಡಿ ನಿಧಾನವಾಯಿತು. ಅವರ ಭುಜ ಮುಟ್ಟಲು ಕೈ ಚಾಚಿದೆ. ಅಷ್ಟರಲ್ಲಿ ಅವರು ನಿದ್ದೆಯಲ್ಲೇ ಮಗ್ಗುಲು ಬದಲಿಸಿದರು.

ಕೈ ಹಿಂದಕ್ಕೆ ತೆಗೆದುಕೊಂಡೆ. ಕಿಟಕಿಯಾಚೆ ನನ್ನಂಥದ್ದೇ ಶೂ ಹಾಕಿದ ಜನ ನಗುತ್ತ ಇಳಿದು ಹೋದರು. ಎರಡು ನಿಮಿಷ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಡಿ ಹೊರಟಿತು.

ಎಂಟಕ್ಕೆ ಕೊನೆಯ ಸ್ಟೇಷನ್ನಿನಲ್ಲಿ ಗುಡಿಸುವವರು ಬಂದಾಗ ಅತ್ತಿಗೆ ಎದ್ದರು.

“ಊರು ಬಂತಾ?”

“ದಾಟಿ ಹೋಯ್ತು ಅತ್ತಿಗೆ. ನನಗೂ ನಿದ್ದೆ ಹತ್ತಿಬಿಡ್ತು.”

ಅವರು ನನ್ನ ಶೂ ನೋಡಿದರು. ಲೇಸು ಬಿಗಿಯಾಗಿ ಕಟ್ಟಿತ್ತು. ಕವರಿನಿಂದ ಚಪ್ಪಲಿ ತೆಗೆದು ಹಾಕಿಕೊಂಡರು.

ಮೂರು ದಿನ ಆ ಕೊನೆಯ ಸ್ಟೇಷನ್ನಿನ ಊರಿನಲ್ಲೇ ಇದ್ದೆವು. ಅತ್ತಿಗೆ ಮಧ್ಯಾಹ್ನವೂ ಮಲಗಿದರು. ಹಿಮಾಲಯದಲ್ಲಿ ನಾನು ಹತ್ತಿದ್ದು ಲಾಡ್ಜಿನ ಎರಡು ಮಹಡಿ. ಚಿಕ್ಕಬಳ್ಳಾಪುರಕ್ಕೆ ಮರಳಿ, ಹವಾಮಾನ ಸರಿಯಿರಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ಹೇಳಿ ಹೇಳಿ ನನಗೇ ಅಲ್ಲಿನ ಮಂಜು ಕಾಣತೊಡಗಿತು.

ಮೊನ್ನೆ ಸಾದಲಿ ತಲುಪಿ ಬಸ್ಸಿನ ವಾಸನೆಯ ವಿಷಯ ಹೇಳಿದಾಗ ಅತ್ತಿಗೆ ಸಾರಿಗೆ ದಂಟಿನ ಸೊಪ್ಪು ಬಿಡಿಸುತ್ತಿದ್ದರು.

“ಆವತ್ತು ಆ ಊರು ಬಂದಾಗ ನನಗೆ ಎಚ್ಚರ ಆಗಿತ್ತು ಕಣೇ,” ಎಂದರು. “ಅರೆಗಣ್ಣು ಬಿಟ್ಟು ನೋಡಿದೆ. ಬ್ಯಾಗ್ ತೊಡೆಮೇಲೆ ಇಟ್ಕೊಂಡು ಕೂತಿದ್ದೆ ನೀನು. ನಾನು ಮಲಗಿರೋವಾಗ ಇನ್ನೊಬ್ರು ಎದ್ದು ಕೂತಿದ್ದು ನಾನು ನೋಡೇ ಇರ್ಲಿಲ್ಲ. ಇನ್ನೊಂಚೂರು ಮಲಗಣ ಅನ್ನಿಸ್ತು.”

ಸ್ವಲ್ಪ ಹೊತ್ತು ನಾನೂ ಸೊಪ್ಪು ಬಿಡಿಸಿದೆ. ಆಮೇಲೆ ಹೇಳಿದೆ: “ಅಣ್ಣನ ಹತ್ರ ಒಂದು ರಾತ್ರಿನೂ ನಾನು ಕೂರ್ಲಿಲ್ಲ ಅತ್ತಿಗೆ.”

“ಗೊತ್ತು,” ಎಂದರು. “ಆ ದಂಟು ಬಲ್ತಿದೆ, ತೆಗ್ದು ಹಾಕು.”

ತೆಗೆದು ಹಾಕಿದೆ. ಅಣ್ಣ ಹಾಸಿಗೆ ಹಿಡಿದ ಮೇಲೆ ಮೊದಲ ಸಲ ಆ ರಾತ್ರಿ ಸಾದಲಿಯಲ್ಲೇ ಉಳಿದೆ. ಊಟ ಮಾಡಿ ಇಬ್ಬರೂ ಬೇಗ ಮಲಗಿದೆವು.