ರೇಡಿಯೋ ಹಾಕಿ ಬರೆಸಿದ ಪತ್ರ

ಕೇಳಿ ಇಲ್ಲಿ. ಯಶವಂತಪುರದ ನಮ್ಮ ಕನ್ನಡ ಶಾರ್ಟ್‌ಹ್ಯಾಂಡ್ ತರಗತಿಗೆ ಇವತ್ತು ಮೇಷ್ಟ್ರು ರೇಡಿಯೋ ತಂದು, ಕ್ರಿಕೆಟ್ ಕಾಮೆಂಟರಿಯನ್ನು ಜೋರಾಗಿ ಹಾಕಿದರು.

"ಇದು ಏಕಾಗ್ರತೆಗೆ ಅಭ್ಯಾಸ. ನಾನು ಹೇಳಿದ್ದನ್ನ ಮಾತ್ರ ಬರೀಬೇಕು. ರೇಡಿಯೋಗೆ ಕಿವಿ ಕೊಟ್ಟೋರನ್ನ ಈ ಸಲ ಪರೀಕ್ಷೆಗೆ ಕಳ್ಸಲ್ಲ!"

ಕಚೇರಿಯ ಪತ್ರವೊಂದನ್ನು ಹೇಳುತ್ತಾ ಹೋದರು. ನಾವು ಹನ್ನೊಂದು ಮಂದಿ ತಲೆ ಎತ್ತದೆ ಬರೆದೆವು. ಮುಗಿದ ಮೇಲೆ ನನ್ನನ್ನೇ ಎಬ್ಬಿಸಿ ಓದಿಸಿದರು.

"ತಮ್ಮ ರಜೆಯನ್ನು ಅಯ್ಯೋ ಔಟಾಗ್ಬಿಟ್ನಲ್ಲಪ್ಪಾ ಮಂಜೂರು ಮಾಡಲಾಗಿದೆ."

ಮೇಷ್ಟ್ರು ಕೆಂಡವಾದರು. "ಕಾಮೆಂಟರಿ ಬರ್ಕೊಂಡ್ಯಾ? ಎಲ್ಲಮ್ಮಾ ಇತ್ತು ನಿನ್ನ ಗಮನ?"

ಪಕ್ಕದಲ್ಲಿದ್ದ ಸರೋಜಾ ಮೆಲ್ಲಗೆ ಎದ್ದಳು. "ಸಾರ್, ನಂದ್ರಲ್ಲೂ ಹಾಗೇ ಇದೆ. ಅದನ್ನ ಹೇಳಿದ್ದು ರೇಡಿಯೋ ಅಲ್ಲ ಸಾರ್, ನೀವೇ."

ನೋಡಿದರೆ ಹನ್ನೊಂದು ಪುಸ್ತಕಗಳಲ್ಲೂ ಅದೇ ಸಾಲು!

ಮೇಷ್ಟ್ರು ರೇಡಿಯೋ ಆರಿಸಿದರು. ನಾಳೆಯಿಂದ ಅದು ತರಗತಿಗೆ ಬರುವುದಿಲ್ಲವಂತೆ, ಏಕಾಗ್ರತೆ ಕೆಡುತ್ತದಂತೆ. ಯಾರದ್ದು ಅಂತ ಮಾತ್ರ ಹೇಳಲಿಲ್ಲ.