ಹಾಲವ್ವ ಹಚ್ಚಿದ ಚುಕ್ಕಿ

ಬೆಳಿಗ್ಗೆ ಆರೂಕಾಲು. ಬೊರಿವಲಿ ಸ್ಟೇಷನ್ನಿನಿಂದ ಹದಿನೈದು ನಿಮಿಷ ನಡೆದರೆ ಸಿಗುವ ವಿಶ್ವವಿದ್ಯಾಲಯವೊಂದರ ನೆಲಮಹಡಿಯ ಕೋಣೆಯಲ್ಲಿ ಹಾಲವ್ವ ನೆಲ ಒರೆಸುತ್ತಿದ್ದಾರೆ. ಒರೆಸಿ ಮುಗಿಸಿದವರು ಬಕೆಟ್ ಎತ್ತಿಕೊಂಡು ಹೋಗುವುದಿಲ್ಲ. ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಅಡ್ಡಲಾಗಿ ನೋಡುತ್ತಾರೆ. ದೂರದಲ್ಲೊಂದು ಮಿಣುಕು. ಯಾರೋ ತಿಂದು ಬಿಸಾಕಿದ ಚಾಕೊಲೇಟಿನ ಬೆಳ್ಳಿಕಾಗದದ ಚೂರು.

"ಇದನ್ನ ಬಿಟ್ರ ಕ್ಯಾಮೆರಾ ಇದನ್ನೂ ಒಂದು ಮೊಣಕಾಲು ಅಂತ ತಿಳ್ಕೋತೈತ್ರಿ ಅಕ್ಕಾರ," ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾ ಆ ಚೂರನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕುತ್ತಾರೆ.

ಇದು ಕಿನೀಸಿಯಾಲಜಿ ವಿಭಾಗ. ಮನುಷ್ಯರ ಮೈ ಹೇಗೆ ನಡೆಯುತ್ತದೆ, ಬಾಗುತ್ತದೆ, ಹೊರೆ ಹೊರುತ್ತದೆ ಎಂದು ಅಳೆಯುವ ವಿದ್ಯೆ. ಗೋಡೆಯ ಸುತ್ತ ಹತ್ತು ಕ್ಯಾಮೆರಾ. ನಡುವೆ ನಡೆಯಲು ಹತ್ತು ಮೀಟರಿನ ಪಟ್ಟಿ. ಈ ಕ್ಯಾಮೆರಾಗಳಿಗೆ ಮನುಷ್ಯ ಕಾಣುವುದಿಲ್ಲ, ಹೊಳೆಯುವುದು ಮಾತ್ರ ಕಾಣುತ್ತದೆ. ಆದ್ದರಿಂದ ನಡೆಯುವವರ ಸೊಂಟ, ಮೊಣಕಾಲು, ಹಿಮ್ಮಡಿಗೆ ಹೊಳೆಯುವ ಸಣ್ಣ ಗುಂಡುಗಳನ್ನು ಟೇಪಿನಿಂದ ಅಂಟಿಸಬೇಕು. ಪುಸ್ತಕದಲ್ಲಿ ಇವುಗಳ ಹೆಸರು ಮಾರ್ಕರ್. ಹಾಲವ್ವನ ಬಾಯಲ್ಲಿ ಚುಕ್ಕಿ. ಒಂಬತ್ತು ವರ್ಷದಲ್ಲಿ ಇಡೀ ವಿಭಾಗ ಚುಕ್ಕಿ ಎನ್ನಲು ಕಲಿತಿದೆ, ಮರಾಠಿ ಹುಡುಗರೂ ಸೇರಿ.

ಒಬ್ಬರಿಗೆ ಹದಿನಾರು ಚುಕ್ಕಿ, ದಿನಕ್ಕೆ ಏಳೆಂಟು ಮಂದಿ. ಅರ್ಧ ಬೆರಳು ಆಚೀಚೆಯಾದರೆ ಲೆಕ್ಕವೆಲ್ಲ ತಲೆಕೆಳಗು. ಎಂಎಸ್‌ಸಿ ಓದುವವರು ಚಿತ್ರ ನೋಡಿಕೊಂಡು, ಒತ್ತಿ, ಮತ್ತೆ ಒತ್ತಿ ಅಂಟಿಸುತ್ತಾರೆ. ಹಾಲವ್ವ ಒಂದು ಸಲ ಹೆಬ್ಬೆರಳು ಆಡಿಸಿದರೆ ಮೂಳೆಯ ಗಂಟು ತಾನಾಗಿ ಸಿಗುತ್ತದೆ.

ಇಷ್ಟಾಗಿ ಕಾಗದದಲ್ಲಿ ಅವರು ಯಾರು ಗೊತ್ತೇ? ಸಫಾಯಿ ಕಾಮಗಾರ. ಅದೂ ಕಂತ್ರಾಟಿನಲ್ಲಿ. ಬರುವ ಒಂದನೇ ತಾರೀಖಿಗೆ ಕಂತ್ರಾಟು ಬೇರೆಯವರ ಪಾಲಾಗುತ್ತಿದೆ; ಹಳೆಯ ಸಫಾಯಿಯವರನ್ನೆಲ್ಲ ಹಾಸ್ಟೆಲ್ ಬಿಲ್ಡಿಂಗಿಗೆ ಹಾಕುತ್ತಾರಂತೆ. ಜೊತೆಗೆ ಹೊಸ ಕ್ಯಾಮೆರಾವೂ ಬಂದಿದೆ. ಅದಕ್ಕೆ ಚುಕ್ಕಿ ಬೇಡ, ಮನುಷ್ಯರನ್ನು ತಾನೇ ಗುರುತಿಸುತ್ತದೆ. ಉಳಿದಿರುವುದು ಒಂಬತ್ತು ದಿನ. ಹಾಲವ್ವ ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸುತ್ತಾರೆ, ಟೇಪಿನ ಸುರುಳಿಗಳನ್ನು ಎಣಿಸಿಟ್ಟು ಮತ್ತೆ ಎಣಿಸುತ್ತಾರೆ, ಕೂತಲ್ಲಿ ಕೂರುವುದಿಲ್ಲ.

"ಹಾಸ್ಟೆಲ್ಲಾಗೂ ನೆಲಾನ ಒರೆಸೂದು, ಇಲ್ಲೂ ನೆಲಾನ ಒರೆಸೂದು. ಆದ್ರ ಅಲ್ಲಿ ನನ್ನ ಬೆರಳಿಗೆ ಏನ್ ಕೆಲಸ್ರಿ?" ಎಂದು ಬೆರಳುಗಳನ್ನು ನನ್ನ ಮುಂದೆ ಹಿಡಿಯುತ್ತಾರೆ.

ಮುದ್ದೇಬಿಹಾಳದ ಕಡೆಯವರು. ಮದುವೆಯಾಗಿ ಮುಂಬಯಿಗೆ ಬಂದಾಗ ಹತ್ತೊಂಬತ್ತು. ಗಂಡ ಶಿವಪುತ್ರ ಗಾರೆ ಕೆಲಸಕ್ಕೆ, ಇವರು ಘಮೇಲಾ ಹೊರಲಿಕ್ಕೆ. ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಮಹಡಿ ಹತ್ತುವುದು ಹನ್ನೊಂದು ವರ್ಷ ನಡೆಯಿತು. ಮೊಣಕಾಲು ಬಾತುಕೊಂಡು ಕೆಲಸ ಬಿಡಬೇಕಾಯಿತು. ರಾತ್ರಿ ತಾವೇ ಎಣ್ಣೆ ಹಚ್ಚಿ ತಿಕ್ಕಿಕೊಳ್ಳುತ್ತಿದ್ದರು. ಮೂಳೆ ಎಲ್ಲಿ, ನರ ಎಲ್ಲಿ ಎಂಬ ಪಾಠ ಅಲ್ಲೇ ಆಗಿದೆ. ಈಗಲೂ ಕುರ್ಲಾದ ಚಾಳಿನ, ಎಂದರೆ ವಠಾರದ, ಕೋಣೆಯಿಂದ ಐದಕ್ಕೂ ಮುಂಚೆ ಹೊರಟು, ದಾದರ್‌ನಲ್ಲಿ ಲೋಕಲ್ ಬದಲಿಸಿ ಬರುತ್ತಾರೆ.

ಇಲ್ಲಿಗೆ ಬಂದ ಹೊಸತರಲ್ಲೇ ಒಂದು ಪೇಚು ಬಿಡಿಸಿದರು. ಹೊಳೆಯುವ ಯಾವುದನ್ನೂ ಮೈಮೇಲೆ ಇಟ್ಟುಕೊಳ್ಳುವಂತಿಲ್ಲ ಎಂದು ಇಲ್ಲಿನ ನಿಯಮ. ಅಳತೆಗೆ ಬಂದ ಕೂಲಿ ಹೆಂಗಸರು ಕಾಲುಂಗುರ ತೆಗೆಯೆಂದರೆ ಎದ್ದು ನಡೆದುಬಿಡುತ್ತಿದ್ದರು. ಗಂಡ ಬದುಕಿರುವಾಗ ತೆಗೆಯುವುದುಂಟೇ? ಹಾಲವ್ವ ಕರಿ ಬಟ್ಟೆಯ ಟೇಪು ತಂದು ಉಂಗುರದ ಮೇಲೆ ಸುತ್ತಿದರು. ಉಂಗುರವೂ ಉಳಿಯಿತು, ಅಳತೆಯೂ ಕೆಡಲಿಲ್ಲ.

ಅವರ ನಿಜವಾದ ಕೈಚಳಕ ಇದಕ್ಕಿಂತ ಸೂಕ್ಷ್ಮದ್ದು. "ಸಹಜವಾಗಿ ನಡೆಯಿರಿ" ಎಂದರೆ ಯಾರೂ ಸಹಜವಾಗಿ ನಡೆಯುವುದಿಲ್ಲ. ಬೇಕಿದ್ದರೆ ನೀವೇ ನಡೆದು ನೋಡಿ. ಅದಕ್ಕೆ ಹಾಲವ್ವ ಹಾಗೆ ಹೇಳುವುದೇ ಇಲ್ಲ. ಪಟ್ಟಿಯ ಆ ತುದಿಯಲ್ಲಿ ನಿಂತು, ಬಂದವರ ಮುಖ ನೋಡಿ ಏನೋ ಒಂದು ಕೂಗುತ್ತಾರೆ. ಮೇಸ್ತ್ರಿಯ ಭಯವಿರುವ ಕೂಲಿಯವರಿಗೆ "ಮುಕಾದಮ ಬಂದ!" ಕಾಲೇಜಿನವರಿಗೆ "ಹಾಜರಿ ತಗೊಳ್ಳಾಕತ್ತಾರ!" ಕೇಳಿದವರು ಕ್ಯಾಮೆರಾ ಮರೆತು ತಮ್ಮ ನಡಿಗೆ ನಡೆದುಬಿಡುತ್ತಾರೆ.

"ಒಬ್ಬೊಬ್ರಿಗೆ ಒಂದೊಂದು ಮಾತಿರ್ತೈತ್ರಿ. ಅದು ಬಿದ್ರ ಸಾಕು, ಕಾಲು ತಾವ ಹೊಂಡತಾವ."

ವಿಭಾಗದ ಬಾಗಿಲ ಬಳಿ 'ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಸಾಧನೆಗಳು' ಎಂಬ ಬೋರ್ಡಿದೆ. ನಡುವೆ ಇಲ್ಲಿನ ವಿದ್ಯಾರ್ಥಿನಿ ಶ್ರಾವ್ಯಾಳ ಫೋಟೊ. ಹೊರೆ ಹೊರುವ ಅರವತ್ತು ಹೆಂಗಸರ ನಡಿಗೆಯ ಅಧ್ಯಯನಕ್ಕೆ ರಾಷ್ಟ್ರಮಟ್ಟದ ಸಮ್ಮೇಳನದಲ್ಲಿ ಮೊದಲ ಬಹುಮಾನ. ಪಕ್ಕದಲ್ಲಿ ಮಾರ್ಗದರ್ಶನ ಮಾಡಿದ ವಿಭಾಗದ ಮುಖ್ಯಸ್ಥೆ ಡಾ. ವಿನೋದಿನಿಯವರ ಫೋಟೊ. ಕೆಳಗಿನ ಕೃತಜ್ಞತೆಯ ಸಾಲಿನಲ್ಲಿ 'ಪ್ರಯೋಗಾಲಯದ ಸಿಬ್ಬಂದಿ' ಎಂದಷ್ಟೇ ಇದೆ. ಆ ಅಧ್ಯಯನದ ಕಥೆ ಕೇಳಿದ ಮೇಲೆ ನನಗೆ ಆ ಸಾಲು ಓದಿ ಸಿಟ್ಟೇ ಬಂತು.

ಆದದ್ದು ಇಷ್ಟು. ಶ್ರಾವ್ಯಾ ಎಲ್ಲರಿಗೂ ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆ: "ಆಪ್‌ಕೀ ಚಾಲ್ ಮೇಂ ಕೋಯೀ ತಕ್‌ಲೀಫ್?" ಚಾಲ್ ಎಂದರೆ ನಡಿಗೆ, ನಡಿಗೆಯಲ್ಲಿ ತೊಂದರೆಯಿದೆಯೇ ಎಂದು ಅವಳ ಅರ್ಥ. ಅರವತ್ತರಲ್ಲಿ ನಲವತ್ತೊಂದು ಮಂದಿ, ಹೌದು, ವಿಪರೀತ ತೊಂದರೆ ಎಂದರು. ಕ್ಯಾಮೆರಾ ಮಾತ್ರ ಅವರ ನಡಿಗೆ ಚೆನ್ನಾಗಿಯೇ ಇದೆ ಎನ್ನುತ್ತಿತ್ತು. ಎರಡು ವಾರ ಕ್ಯಾಮೆರಾ ಬಿಚ್ಚಿ ಜೋಡಿಸಿದ್ದಾಯಿತು. ಕೊನೆಗೊಂದು ದಿನ ನೆಲ ಒರೆಸುತ್ತಿದ್ದ ಹಾಲವ್ವ ತಲೆ ಎತ್ತಿದರು.

"ಯವ್ವಾ, ಅವರು ಚಾಲ್ ಅಂದ್ರ ಚಾಳ ಅಂತ ತಿಳ್ಕೊಂಡಾರ. ಸಂಡಾಸಿನ ಲೈನು, ನೀರಿನ ಜಗಳ, ಸೋರೂ ತಗಡು, ಅದನ್ನ ಹೇಳ್ಯಾರ. ನನ್ನ ಕೇಳಿದ್ರ ನಾನೂ ಅದನ್ನ ಹೇಳ್ತಿದ್ದೆ."

ಶ್ರಾವ್ಯಾ ಹುಟ್ಟಿ ಬೆಳೆದದ್ದೆಲ್ಲ ಮುಂಬಯಿಯಲ್ಲೇ, ಕನ್ನಡ ಅರೆಬರೆ. "ನಾನು ಫುಲ್ ಶಾಕ್. ಮೌಶಿಗೆ ಎಲ್ಲಾ ಮಾಲೂಮ್ ಇತ್ತು, ನಾವೇ ಪೂಛಾ ನಹೀಂ," ಎಂದು, ಹಾಲವ್ವನನ್ನು ಕೇಳದೇ ಹೋದದ್ದಕ್ಕೆ ಈಗಲೂ ಹಣೆ ಚಚ್ಚಿಕೊಳ್ಳುತ್ತಾಳೆ.

ಮತ್ತೆ ಅರವತ್ತೂ ಮಂದಿಯನ್ನು ಕರೆಸಿದರು. ಈ ಸಲ ಕೇಳಿದ್ದು ಹಾಲವ್ವ, ಅವರವರ ಭಾಷೆಯಲ್ಲಿ. ಜೊತೆಗೆ ತಮ್ಮದೇ ಒಂದು ಪ್ರಶ್ನೆ ಸೇರಿಸಿದರು: ಹೊರೆ ಇಳಿಸಿ ಬರಿದಲೆಯಲ್ಲಿ ಮೆಟ್ಟಿಲು ಇಳಿಯುವಾಗ ನೋಯುತ್ತದೆಯೇ? ಐವತ್ತು ಮಂದಿ ಹೌದೆಂದರು. ಹೊರೆ ಹೊತ್ತು ಹತ್ತುವಾಗಿನದಕ್ಕಿಂತ, ಇನ್ನೊಂದು ಹೊರೆಗಾಗಿ ಅವಸರದಿಂದ ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಪೆಟ್ಟು ಎಂಬುದು ಹೊರಬಿದ್ದದ್ದು ಹೀಗೆ. ಬಹುಮಾನ ಬಂದದ್ದೂ ಈ ಮಾತಿಗೇ.

"ಹಾಲವ್ವ ಇಲ್ಲದಿದ್ರೆ ಈ ರೂಮು ಬರೀ ಕ್ಯಾಮೆರಾದ ಅಂಗಡಿ ಮಾರಾಯ್ರೆ," ಎನ್ನುತ್ತಾರೆ ಮಾಟುಂಗದಲ್ಲಿ ಬೆಳೆದ, ಉಡುಪಿ ಮೂಲದ ವಿನೋದಿನಿ. "ಬೋರ್ಡಿನಲ್ಲಿ ಹೆಸರು ಹಾಕದ್ದು ನನ್ನದೇ ತಪ್ಪು, ಒಪ್ಪಿಕೊಳ್ತೇನೆ. ಅವಳನ್ನು ಇಲ್ಲೇ ಬಿಡಿ ಅಂತ ಎರಡು ಲೆಟರ್ ಬರೆದಾಯ್ತು. ಅಂಥ ಹುದ್ದೆಯೇ ಇಲ್ಲ ಅಂತ ಹೇಳ್ತಾರೆ ಆಫೀಸಿನವರು."

ನಾನು ಹೋದ ದಿನವೇ ಹೊಸ ಕ್ಯಾಮೆರಾದ ಪರೀಕ್ಷೆ. ಕಂತ್ರಾಟಿನ ಕಡತ ನೋಡುವ ಆಡಳಿತಾಧಿಕಾರಿ ಒಂಬತ್ತಕ್ಕೆ ಖುದ್ದು ಬರುತ್ತಾರೆ. ತಾನೇ ನಡೆದು ತೋರಿಸುತ್ತೇನೆಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾರೆ. "ಸಹಜವಾಗಿ ನಡೆಯಿರಿ ಸರ್," ಎನ್ನುತ್ತಾಳೆ ಶ್ರಾವ್ಯಾ. ಎದೆ ಮುಂದೆ, ಬಲಗಾಲಿನ ಜೊತೆ ಬಲಗೈ. ಮೂರು ಸಲ ನಡೆದರೂ ಅದೇ. ಕ್ಯಾಮೆರಾ ಎಲ್ಲವನ್ನೂ ಅಚ್ಚುಕಟ್ಟಾಗಿ ಹಿಡಿಯುತ್ತದೆ, ಆದರೆ ಹಿಡಿದದ್ದು ಕವಾಯತು. ವಿನೋದಿನಿ ತುಟಿ ಕಚ್ಚಿಕೊಂಡು ನಿಂತಿದ್ದಾರೆ. ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಮೂಲೆಯಿಂದ ಹಾಲವ್ವನ ಕೂಗು: "ಸಾಬ್! ಗೇಟ್ ಕೇ ಬಾಹರ್ ಟೋಯಿಂಗ್‌ವಾಲಾ ಆಯಾ ಹೈ, ಗಾಡಿ ಉಠಾ ರಹಾ ಹೈ!"

ನಿಲ್ಲಿಸಿದ ಕಾರನ್ನು ಎಳೆದೊಯ್ಯುತ್ತಾರೆಂದು ಅಧಿಕಾರಿ ಹೊರಟರು ನೋಡಿ, ಪಟ್ಟಿಯ ಉದ್ದಕ್ಕೂ, ಭುಜ ಒಂದಿಷ್ಟು ವಾಲಿಸಿಕೊಂಡು, ಎಡಗಾಲು ಸ್ವಲ್ಪ ಎಳೆಯುತ್ತಾ. ಬಾಗಿಲು ದಾಟಿದವರಿಗೆ ಹಿಂದಿನ ನಗು ಕೇಳಿಸಿತು. ತಿರುಗಿ ಬಂದಾಗ ಮುಖ ಕೆಂಪು. ಪರದೆಯ ಮೇಲೆ ತಮ್ಮದೇ ನಡಿಗೆ ನೋಡಿದರು. ಎಡಗಾಲನ್ನು ಸ್ವಲ್ಪ ಹೊತ್ತು ದಿಟ್ಟಿಸಿದರು. ಯಾವಾಗಿನಿಂದ ಹೀಗೆ ಎಂದು ವಿನೋದಿನಿ ಕೇಳುವಾಗ ಕೋಟಿನ ಗುಂಡಿ ಬಿಚ್ಚಿಕೊಂಡರು. ಹೊರಡುವಾಗ, "ಇನ್ನೊಂದು ಲೆಟರ್ ಕೊಡಿ. ಹುದ್ದೆಯ ಹೆಸರು ಸರಿಯಾಗಿ ಬರೆಯಿರಿ. ಭರವಸೆ ಏನೂ ಕೊಡೋದಿಲ್ಲ," ಎಂದರು.

ಹೆಸರೇನು ಬರೆಯುವುದು? ಟೆಕ್ನಿಶಿಯನ್ ಎಂದರೆ ಡಿಪ್ಲೊಮಾ ಕೇಳುತ್ತಾರೆ. ಸಹಾಯಕಿ ಎಂದರೆ ಜಾಗ ಖಾಲಿಯಿಲ್ಲ. ತಲೆ ಕೆಡಿಸಿಕೊಂಡ ವಿನೋದಿನಿ ಕಡೆಗೆ ಅವರನ್ನೇ ಕೇಳಿದರು: "ನೀನೇ ಹೇಳು ಹಾಲವ್ವ, ನೀನು ಇಲ್ಲಿ ಯಾರು?"

"ನಡಸಾಕಿ ಅಂತ ಬರೀರಿ ಮೇಡಮ್ಮಾರ," ಎಂದರು ಹಾಲವ್ವ, ಒಂದು ಕ್ಷಣವೂ ತಡೆಯದೆ. "ಮಂದೀನ್ನ ನಡಸಾಕಿ."

ವಿನೋದಿನಿ ಹಾಗೆಯೇ, ನಡೆಸುವವಳು ಎಂಬ ಅರ್ಥದ ಆ ಪದವನ್ನೇ ಬರೆದರು. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಆಫೀಸಿನಿಂದ ಉತ್ತರ ಬಂದಿಲ್ಲ, ದಿನ ಇನ್ನು ಐದೇ ಉಳಿದಿವೆ. ನನಗಂತೂ ದಿಗಿಲು. ಹಾಲವ್ವನ ಆಸೆ ಕೇಳಿದರೆ ಬೋರ್ಡಿನ ಕಡೆ ತಿರುಗಿಯೂ ನೋಡುವುದಿಲ್ಲ. "ಫೋಟೊ ಬ್ಯಾಡ್ರಿ. ಆ ಮೂಲ್ಯಾಗ ನಿಂದ್ರಾಕ ಬಿಟ್ರ ಸಾಕು."

ಅಂದು ನಾನು ಹೊರಡುವಾಗ ಅವರು ಬಿಳಿ ಟೇಪಿನ ತುಂಡೊಂದನ್ನು ನನ್ನ ಮುಂದೆ ಹಿಡಿದರು. ಅವರಿಗೆ ಓದು ಬರಹ ಬಾರದು; ಶ್ರಾವ್ಯಾಳಿಗೆ ಕನ್ನಡ ಅಕ್ಷರ ಬಾರದು. ನಾನು ಪೆನ್ನಿನಿಂದ 'ನಡಸಾಕಿ' ಎಂದು ದೊಡ್ಡದಾಗಿ ಬರೆದುಕೊಟ್ಟೆ. ಟೇಪು, ಚುಕ್ಕಿ ಇಡುವ ಕಪಾಟಿನ ಬಾಗಿಲಿಗೆ ಅದನ್ನು ಹಚ್ಚಿ, ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಒತ್ತಿ ತೀಡಿದರು.

"ಹೊಸ ಕಂತ್ರಾಟಿನವರು ಬಂದು ಕೀಳ್ಲಿ ನೋಡೂಣು. ನಾ ಹಚ್ಚಿದ್ದು ಬೆವರಿಗೂ ಬಿಡೂದಿಲ್ರಿ."