ಫಿಲ್ಟರಿನ ಮೇಲೆ ಉಳಿದ ವೈರಸ್

2023ರಲ್ಲಿ ನಾನು ಜೆ.ಪಿ. ನಗರದ ಒಂದು ಚಿಕ್ಕ ಪ್ರಯೋಗಾಲಯದಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಸಾರಕ್ಕಿ ಕೆರೆಯ ನೀರು ಬೆರೆಸಿದರೆ ನಮ್ಮ ಫ್ಲಾಸ್ಕಿನ ಹಸಿರು ಪಾಚಿ ಮೂರೇ ದಿನದಲ್ಲಿ ಬಿಳಿಚಿಕೊಂಡು ಸಾಯುತ್ತಿತ್ತು. ಕೊಲ್ಲುತ್ತಿರುವುದು ವೈರಸ್ ಎಂಬುದು ನಮ್ಮ ಊಹೆ. ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ, ಅಂದರೆ ಮಾದರಿಯನ್ನು ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಕಿರಣದಿಂದ ನೋಡುವ ಯಂತ್ರದಲ್ಲಿ, ಅದರ ಚಿತ್ರ ತೆಗೆಯಬೇಕಿತ್ತು.

ಯಂತ್ರ ಬೇರೆ ಸಂಸ್ಥೆಯದು. ನಮಗೆ ಸಿಕ್ಕಿದ್ದು ಮೂರು ಸ್ಲಾಟ್, ಅಂದರೆ ಮಾರ್ಚ್, ಮೇ, ಜುಲೈಯಲ್ಲಿ ಒಂದೊಂದು ದಿನ. ಮಾರ್ಚ್‌ನಲ್ಲೂ ಮೇ ತಿಂಗಳಲ್ಲೂ ಕಂಡಿದ್ದು ಬರೀ ಮಂಜುಗಡ್ಡೆ. ಜುಲೈಯಲ್ಲೂ ಚಿತ್ರ ಸಿಗದಿದ್ದರೆ ಪ್ರಾಜೆಕ್ಟ್ ಮುಚ್ಚುತ್ತಿತ್ತು. ನನ್ನ ಮತ್ತು ಸಹೋದ್ಯೋಗಿ ನವೀನನ ಕೆಲಸ ಹೋಗುತ್ತಿತ್ತು.

ಜೂನ್‌ನಲ್ಲಿ ಇನ್ನೊಂದು ಪೆಟ್ಟು ಬಿತ್ತು. ಸೋಸಿದ ನೀರು ಪಾಚಿಯನ್ನು ಕೊಲ್ಲಲೇ ಇಲ್ಲ.

"ಹಾಗಾದ್ರೆ ಅದು ಬ್ಯಾಕ್ಟೀರಿಯಾನೇ. ವೈರಸ್ ಆಗಿದ್ರೆ ಫಿಲ್ಟರ್ ದಾಟಿ ಬರ್ತಿತ್ತು. ಸ್ಲಾಟ್ ಕ್ಯಾನ್ಸಲ್ ಮಾಡ್ಬಿಡೋಣ" ಎಂದರು ಪ್ರಾಜೆಕ್ಟಿನ ಮುಖ್ಯಸ್ಥೆ, ನಮ್ಮ ಮೇಡಂ.

ನೀರನ್ನು ಮೊದಲು ಅತಿ ಸಣ್ಣ ರಂಧ್ರಗಳ ಫಿಲ್ಟರಿನಲ್ಲಿ ಸೋಸುವುದು ಈ ಕೆಲಸದ ಪದ್ಧತಿ. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ವೈರಸ್ ಕೆಳಗಿಳಿಯುತ್ತದೆ. ಮೇಲಿನದು ಕಸ. ಅವತ್ತು ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ನವೀನನನ್ನು ಕೇಳಿದೆ: "ವೈರಸ್ಸೇ ದಪ್ಪ ಇದ್ರೆ?"

ಅವನು ಲೋಟ ಕೆಳಗಿಟ್ಟ. "ಗುರು, ಹಂಗಾದ್ರೆ ಇಷ್ಟು ದಿನ ಚರಟ ಇಟ್ಕೊಂಡು ಡಿಕಾಕ್ಷನ್ ಬಚ್ಚಲಿಗೆ ಸುರಿದಿದ್ದೀವಿ!"

ಬಳಸಿದ ಫಿಲ್ಟರನ್ನು ತೊಳೆದ ನೀರಿಗೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಸೇರಿಸಿ, ಹೊಸ ಪಾಚಿಗೆ ಹಾಕಿದೆವು. ಬ್ಯಾಕ್ಟೀರಿಯಾ ಸತ್ತಿದ್ದರೂ ಮೂರನೆಯ ದಿನ ಫ್ಲಾಸ್ಕ್ ಬಿಳಿಚಿತು. ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸ್ಲಾಟ್ ಉಳಿಯಿತು.

ಜುಲೈಯಲ್ಲಿ ದೊಡ್ಡ ರಂಧ್ರದ ಫಿಲ್ಟರಿನಲ್ಲಿ ಸೋಸಿದ ಮಾದರಿಯನ್ನು ನಾಲ್ಕು ಗ್ರಿಡ್‌ಗಳ ಮೇಲೆ ಒಯ್ದೆವು. ಗ್ರಿಡ್ ಎಂದರೆ ಮಾದರಿ ಹಿಡಿದಿಡುವ ಪುಟ್ಟ ತಾಮ್ರದ ಜಾಲರಿ. ಮೊದಲ ಮೂರರಲ್ಲಿ ಮಾದರಿಯ ಮಂಜುಗಡ್ಡೆ ಪದರವೇ ಒಡೆದಿತ್ತು. ನವೀನ ಹೊರಗೆ ಹೋಗಿ ಕೂತಿದ್ದ.

"ಇದೂ ಹೋದ್ರೆ ಮುಗೀತು ಮೇಡಂ" ಎನ್ನುತ್ತಾ ಯಂತ್ರದ ತಂತ್ರಜ್ಞ ಕೊನೆಯದನ್ನು ಒಳಗಿಟ್ಟರು.

ಬಹಳ ಹೊತ್ತು ಪರದೆ ಬೂದು ಬಣ್ಣವಾಗಿಯೇ ಇತ್ತು. ಆಮೇಲೆ ಒಂದು ಮೂಲೆಯಲ್ಲಿ ಕಪ್ಪಗೆ, ವೈರಸ್ಸಿನ ಕವಚಕ್ಕಿರುವಂಥ ಆರು ಮೂಲೆಗಳ ಒಂದು ಆಕಾರ ಕಂಡಿತು. ಪಕ್ಕದಲ್ಲೇ ಇನ್ನೊಂದು.

"ಏನೂ ಅಲುಗಾಡಿಸ್ಬೇಡ್ರೀ, ಮೊದ್ಲು ಸೇವ್ ಮಾಡಿ!" ಎಂದು ಮೇಡಂ ಪರದೆಯತ್ತ ಬಾಗಿದರು.

ಪ್ರಾಜೆಕ್ಟ್ ಒಂದು ವರ್ಷ ಮುಂದುವರಿಯಿತು. ಹಿಂದಿನ ಎರಡು ಸ್ಲಾಟ್‌ಗಳನ್ನು ನುಂಗಿದ್ದು ನಮ್ಮ ಶಿಸ್ತೇ. ಏನನ್ನು ಹುಡುಕುತ್ತಿದ್ದೇವೆಂದು ಗೊತ್ತಾಗುವ ಮೊದಲೇ ಅದರ ಗಾತ್ರವನ್ನು ತೀರ್ಮಾನಿಸಿಬಿಟ್ಟಿದ್ದೆವು. ವೈರಸ್ಸಿಗೆ ಆ ತೀರ್ಮಾನವನ್ನು ಯಾರೂ ತಿಳಿಸಿರಲಿಲ್ಲ.